ನಾಲ್ಕು ಎಕ್ಕ ಬಂದರೆ ಕುಣಿಯಬೇಡಿ

ಒಮಾಹಾ ಎಂಬ ಪೋಕರ್ ಆಟದಲ್ಲಿ ಒಬ್ಬೊಬ್ಬರಿಗೂ ನಾಲ್ಕು ಎಲೆ ಹಂಚುತ್ತಾರೆ. ನಾಲ್ಕೂ ಎಕ್ಕಗಳೇ ಬಂದವು ಅನ್ನಿ. ಇಸ್ಪೀಟು ಆಡುವ ಯಾರನ್ನು ಕೇಳಿದರೂ ಆ ಮನುಷ್ಯನ ಅದೃಷ್ಟ ಖುಲಾಯಿಸಿತು ಎಂದೇ ಹೇಳುತ್ತಾರೆ. ಲೆಕ್ಕ ಬಲ್ಲವನು ಮಾತ್ರ, ಎದುರಿಗೆ ನಾಲ್ಕೈದು ಜನ ಕಣದಲ್ಲಿದ್ದರೆ, ಆ ಕೈಯನ್ನು ಆಡದೆ ತಣ್ಣಗೆ ಕೆಳಗಿಡುತ್ತಾನೆ.

ಕಾರಣ ಇರುವುದು ಒಂದೇ ಒಂದು ನಿಯಮದಲ್ಲಿ. ಮೇಜಿನ ನಡುವೆ ಐದು ಎಲೆ ಬಿಚ್ಚಿಡುತ್ತಾರೆ. ಕೈಯಿಂದ ಎರಡು, ನಡುವಿನಿಂದ ಮೂರು ಸೇರಿಸಿ ಐದರ ಕಟ್ಟು ಮಾಡಬೇಕು. ಕೈಯಿಂದ ಎರಡೇ, ಒಂದೂ ಇಲ್ಲ, ಮೂರೂ ಇಲ್ಲ. ಹೆಚ್ಚು ಜನಕ್ಕೆ ಗೊತ್ತಿರುವ, ಕೈಗೆ ಎರಡೇ ಎಲೆ ಹಂಚುವ ಇನ್ನೊಂದು ಪೋಕರ್ ಆಟವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿಂದ ಬಂದವರು ಇಸ್ಪೀಟು ಜಾತಿಯ (ಸ್ಪೇಡ್) ಎಕ್ಕ ಒಂದನ್ನೇ ಹಿಡಿದು, ನಡುವೆ ನಾಲ್ಕು ಇಸ್ಪೀಟು ಕಂಡ ಕೂಡಲೇ ಒಂದೇ ಜಾತಿಯ ಐದು ಕೂಡಿತು, ಗೆದ್ದೆವೆಂದು ಕೈ ಚಾಚುತ್ತಾರೆ. ಒಮಾಹಾದಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಏಕೆಂದರೆ ಕೈಯಲ್ಲಿ ಎರಡನೇ ಇಸ್ಪೀಟು ಇಲ್ಲ.

ಹಾಗಾಗಿ ಒಮಾಹಾದ ಕೈ ನೋಡುವಾಗ ಎಲೆಗಳನ್ನು ಎಣಿಸಬಾರದು, ಜೋಡಿಗಳನ್ನು ಎಣಿಸಬೇಕು. ನಾಲ್ಕರಲ್ಲಿ ಎರಡನ್ನು ಆರು ಬಗೆಯಲ್ಲಿ ಆರಿಸಬಹುದು. ನಾಲ್ಕನ್ನು ಮೂರರಿಂದ ಗುಣಿಸಿ, ಒಂದು ಗುಣಿಸು ಎರಡರಿಂದ ಭಾಗಿಸಿದರೆ ಆಯಿತು. ಎಷ್ಟೇ ವಸ್ತುಗಳಿಂದ ಎಷ್ಟೇ ಆರಿಸುವುದಕ್ಕೂ ಒಪ್ಪುವ ಈ ಸಾಮಾನ್ಯ ಸೂತ್ರವನ್ನು 9ನೆಯ ಶತಮಾನದಲ್ಲೇ ಬರೆದಿಟ್ಟವನು ಜೈನ ಗಣಿತಜ್ಞ ಮಹಾವೀರಾಚಾರ್ಯ, ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದವನು. ಜೂಜಿನ ಲೆಕ್ಕಕ್ಕೆ ಯುರೋಪಿನಲ್ಲಿ ಗಟ್ಟಿ ಬುನಾದಿ ಬಿದ್ದದ್ದು 1654ರಲ್ಲಿ, ಫ್ರೆಂಚ್ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಲ್ಲಿ. ನಮ್ಮ ನಳೋಪಾಖ್ಯಾನದಲ್ಲಂತೂ ಮರದ ಎಲೆ, ಕಾಯಿಗಳನ್ನು ಒಂದು ನೋಟಕ್ಕೆ ಎಣಿಸಬಲ್ಲ ಋತುಪರ್ಣನೇ ಪಗಡೆಯ ಗುಟ್ಟನ್ನೂ ಬಲ್ಲವನು. ಎಣಿಕೆಗೂ ದ್ಯೂತಕ್ಕೂ ನಂಟಿದೆ ಎಂಬುದು ಆ ಕಥೆ ಕಟ್ಟಿದವರಿಗೆ ಹೊಳೆದಿತ್ತು. ಯುಗಾದಿ ದಿನದ ಗೆಲುವಿನಿಂದ ವರ್ಷದ ಅದೃಷ್ಟ ಅಳೆಯುವ ನಮಗೇ ಮರೆತುಹೋಗಿದೆ.

ಇರಲಿ, ಆರು ಜೋಡಿಗೆ ಬರೋಣ. ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬ ಮುನಿಸಿಕೊಂಡು ಯಾರೊಡನೆಯೂ ಮಾತು ಬಿಟ್ಟರೆ ಕೆಡುವುದು ಮನೆಯ ಕಾಲು ಭಾಗವಲ್ಲ. ಆರು ಸಂಬಂಧಗಳಲ್ಲಿ ಮೂರು, ಅಂದರೆ ಅರ್ಧ. ರಾಜ, ರಾಣಿ, ಗುಲಾಮ ಇರುವ ಕೈಗೆ ಬೇರೆ ಜಾತಿಯ ಎರಡರ ಎಲೆಯೊಂದು ಬಂದು ಸೇರಿದರೂ ಇದೇ ಗತಿ. ಮೂರು ಚೆನ್ನಾಗಿವೆಯಲ್ಲ ಎಂದು ದುಡ್ಡು ಹಾಕುವವನು ಅರ್ಧ ಕೈಯಲ್ಲಿ ಆಡುತ್ತಿರುತ್ತಾನೆ. ಅದೇ ಒಂಬತ್ತು, ಹತ್ತು, ಗುಲಾಮ, ರಾಣಿ ಎಂದು ಸಾಲಾಗಿ ಬಂದರೆ ಆರೂ ಜೋಡಿ ಕೆಲಸಕ್ಕೆ ಬರುತ್ತವೆ.

ನಾಲ್ಕು ಎಕ್ಕದಲ್ಲೂ ಜೋಡಿಗಳು ಆರೇ, ಆದರೆ ಆರೂ ಒಂದೇ ಕೆಲಸದವು. ಪ್ಯಾಕಿನಲ್ಲಿ ಇನ್ನೊಂದು ಎಕ್ಕ ಉಳಿದಿಲ್ಲ, ಮೂರನೆಯದು ಬಂದು ಕೂಡುವ ಮಾತಿಲ್ಲ. ಕೈಯಲ್ಲಿ ಎರಡು ಬೇರೆ ಅಂಕಿ ಇಲ್ಲದ ಮೇಲೆ ಒಂದರ ಹಿಂದೊಂದು ಐದು ಅಂಕಿಗಳ ಸಾಲು ಕಟ್ಟಲಾಗದು. ನಾಲ್ಕೂ ನಾಲ್ಕು ಜಾತಿ, ಹಾಗಾಗಿ ಒಂದೇ ಜಾತಿಯ ಐದೂ ಆಗದು.

ಜಾತಿಯ ಲೆಕ್ಕ ಇನ್ನೂ ಸೊಗಸು. ಕೈಯಲ್ಲಿ ಎರಡು ಇಸ್ಪೀಟು ಇದ್ದರೆ, ನಡುವಿನ ಐದರಲ್ಲಿ ಕನಿಷ್ಠ ಮೂರು ಇಸ್ಪೀಟು ಬೀಳುವ ಸಂಭವ ಶೇ. 7.2. ಕೈಯಲ್ಲಿ ಮೂರಿದ್ದರೆ ಅದು ಶೇ. 5.4ಕ್ಕೆ ಇಳಿಯುತ್ತದೆ, ನಾಲ್ಕಿದ್ದರೆ ಶೇ. 3.9. ಹೌದು, ಇಳಿಯುತ್ತದೆ. ಉಪಯೋಗಿಸಲು ಬರುವುದು ಎರಡೇ; ಮಿಕ್ಕವು ನಡುವೆ ಬೀಳಬೇಕಾಗಿದ್ದ ಎಲೆಗಳು, ನಮ್ಮ ಕೈಯಲ್ಲೇ ಸಿಕ್ಕಿಬಿದ್ದಿವೆ. ನಾಲ್ಕೂ ಕಪ್ಪಗೆ ಒಂದೇ ಥರ ಕಂಡಾಗ ಅರಳುವ ಮುಖ ಈ ಲೆಕ್ಕದ ಮುಂದೆ ಬಾಡಬೇಕು. ಎರಡು ಇಸ್ಪೀಟು, ಎರಡು ಆಟೀನು ಬಂದರೆ ಸಂಭವ ಸರಿಯಾಗಿ ಇಮ್ಮಡಿ, ಶೇ. 14.3. ಐದೇ ಎಲೆಗಳಲ್ಲಿ ಎರಡೂ ಜಾತಿಯ ಮೂರು ಮೂರು ಬೀಳಲು ಜಾಗವಿಲ್ಲವಾದ್ದರಿಂದ ಎರಡನ್ನೂ ನೇರವಾಗಿ ಕೂಡಬಹುದು.

ಹಾಗಾದರೆ ಎರಡು ಎಕ್ಕ? ಹೋಲ್ಡೆಮ್‌ನಲ್ಲಿ ಅದು 221 ಸಲಕ್ಕೊಮ್ಮೆ ಬರುವ ರಾಜಯೋಗ. ಒಮಾಹಾದಲ್ಲಿ ಕೈಗೆ ಬರಬಹುದಾದ 2,70,725 ಜೋಡಣೆಗಳಲ್ಲಿ 6,961ರಲ್ಲಿ ಕನಿಷ್ಠ ಎರಡು ಎಕ್ಕ ಇರುತ್ತವೆ, ಅಂದರೆ ಸುಮಾರು 39 ಸಲಕ್ಕೊಮ್ಮೆ. ಈಗಲೂ ಒಳ್ಳೆಯ ಕೈಯೇ, ಆದರೆ ಜೊತೆಗಿರುವ ಎರಡು ಎಲೆ ಯಾವುವು ಎಂಬುದರ ಮೇಲೆ. ಎಕ್ಕಗಳ ಜಾತಿಯವೇ ಆದ ಗುಲಾಮ, ಹತ್ತು ಇದ್ದರೆ ಅದಕ್ಕಿಂತ ಮೇಲಾದ ಕೈ ಹುಡುಕುವುದು ಕಷ್ಟ. ಬೇರೆ ಜಾತಿಗಳ ಏಳು, ಎರಡು ಇದ್ದರೆ ನೆಚ್ಚಿಕೊಳ್ಳಲು ಆ ಒಂದು ಜೋಡಿಯಷ್ಟೇ.

ಐದು ಎಲೆ ಹಂಚುವ ಒಮಾಹಾ ಕೂಡ ಇದೆ. ಅಲ್ಲಿ ಜೋಡಿಗಳು ಹತ್ತು, ಒಂದು ಕೆಟ್ಟ ಎಲೆ ನಾಲ್ಕನ್ನು ಕೊಲ್ಲುತ್ತದೆ. ಆರು ಎಲೆಯದರಲ್ಲಿ ಹದಿನೈದು ಜೋಡಿ, ಸಾಯುವವು ಐದು. ಅರ್ಧದ ಪೆಟ್ಟು ಮೂರನೇ ಒಂದಕ್ಕೆ ಇಳಿಯಿತು. ಆದರೆ ಎದುರಾಳಿಯ ಪೆಟ್ಟೂ ಅಷ್ಟೇ ಇಳಿದಿರುತ್ತದೆ. ಅವನ ಕೈಯಲ್ಲೂ ಹದಿನೈದು ಜೋಡಿ ಇವೆ, ಅವುಗಳಲ್ಲಿ ಯಾವುದಾದರೊಂದು ನಡುವಿನ ಎಲೆಗಳಿಗೆ ಹೊಂದಿಕೊಳ್ಳುವ ಸಂಭವವೂ ಹೆಚ್ಚು. ನಾಲ್ಕೆಲೆಯ ಆಟದಲ್ಲಿ ಗೆಲ್ಲುತ್ತಿದ್ದ ಸಾಧಾರಣ ಕಟ್ಟು ಅಲ್ಲಿ ಮತ್ತೆ ಮತ್ತೆ ಸೋಲುತ್ತದೆ.