ಅಜ್ಜಿಯಿಂದ ಡೈನೋಸಾರ್‌ಗೆ ಎಷ್ಟು ದೂರ?

"ಅಜ್ಜಿ, ನೀವು ಚಿಕ್ಕವರಿದ್ದಾಗ ಡೈನೋಸಾರ್ ಕಚ್ತಿತ್ತಾ?" ಆರು ವರ್ಷದ ಹುಡುಗ ಹೀಗೆ ಕೇಳಿದಾಗ ಮನೆಮಂದಿಯೆಲ್ಲ ನಕ್ಕರು. ಅವನು ಮಾತ್ರ ನಗಲಿಲ್ಲ. ಅವನ ಲೆಕ್ಕದಲ್ಲಿ ತಾನು ಹುಟ್ಟುವ ಮೊದಲು ಆಗಿದ್ದೆಲ್ಲ ಒಂದೇ ಡಬ್ಬಿಯಲ್ಲಿದೆ. ಡಬ್ಬಿಯ ಹೆಸರು 'ಆಗ'. ಅಜ್ಜಿ, ರಾಜರು, ಡೈನೋಸಾರ್ ಎಲ್ಲ ಅದರೊಳಗೇ.

ಮನೆಯಲ್ಲೇ ಮಕ್ಕಳಿಗೆ ಕಲಿಸುವ ಅಪ್ಪ ಅಮ್ಮಂದಿರ ಜೊತೆ ಕೆಲಸ ಮಾಡುವಾಗ ನಾನು ಮೊದಲು ಕೈಹಾಕುವುದು ಈ ಡಬ್ಬಿಗೇ. ಜಾಸ್ತಿ ಜನ ರಾಜರಿಂದ, ಇಸವಿಗಳಿಂದ ಶುರು ಮಾಡುತ್ತಾರೆ. ಮೊದಮೊದಲು ನಾನೂ ಹಾಗೇ ಮಾಡುತ್ತಿದ್ದೆ. ಮಗು ಗಿಳಿಯ ಹಾಗೆ ಒಪ್ಪಿಸುತ್ತದೆ, ನಮಗೂ ಖುಷಿ. ಆದರೆ ನೂರರ ತನಕ ಎಣಿಸಲು ತಡವರಿಸುವ ಮಗುವಿಗೆ 1492 ಅಂದರೂ ಒಂದೇ, 1969 ಅಂದರೂ ಒಂದೇ, ಅಲ್ವಾ?

ಅದಕ್ಕೇ ಈಗ ಹಗ್ಗ ಹಿಡಿದಿದ್ದೇನೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಚಿತ್ರಗಳನ್ನು ಸಿಕ್ಕಿಸುತ್ತಾ ಹೋಗುವುದು. ಆ ಹುಡುಗನ ಇಡೀ ಬದುಕು ಆರು ಮಿಲಿಮೀಟರ್, ಅವನ ಕ್ಲಿಪ್ಪಿಗೇ ಜಾಗ ಸಾಲದು. ಎಪ್ಪತ್ತು ದಾಟಿದ ಅಜ್ಜಿ ಏಳು ಸೆಂಟಿಮೀಟರ್ ಚಿಲ್ಲರೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದದ್ದು ಅಜ್ಜಿಯ ಅಳತೆಯೊಳಗೇ ಬಂತು. "ಅಂದ್ರೆ ಅಜ್ಜಿ ಆಗ ಇದ್ರಾ?" ಎಂದು ಅವನು ಬಾಯಿ ಬಿಟ್ಟ. 1876ರ ಟೆಲಿಫೋನ್ ಹದಿನೈದು ಸೆಂಟಿಮೀಟರಿನಲ್ಲಿ ಸಿಕ್ಕಿತು. ಈಜಿಪ್ಟಿನ ಮಹಾ ಪಿರಮಿಡ್ಡಿಗೆ ಹೋಗುವಷ್ಟರಲ್ಲಿ ಕೋಣೆ ಮುಗಿದಿತ್ತು. ಅದು ಸುಮಾರು ನಾಲ್ಕೂವರೆ ಮೀಟರ್. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಗಿದೆ, ಅಂದರೆ 66 ಕಿಲೋಮೀಟರ್ ಹಗ್ಗ. "ಕಾರಲ್ಲೇ ಹೋಗ್ಬೇಕು" ಎಂದ. ಅಜ್ಜಿ ಅವತ್ತು ಡಬ್ಬಿಯಿಂದ ಹೊರಗೆ ಬಂದರು.

ಬಣ್ಣ ತುಂಬುವ ಹಾಳೆ, ಬಿಟ್ಟ ಸ್ಥಳ ತುಂಬುವ ಹಾಳೆ ಸದ್ಯಕ್ಕೆ ಬೇಡ. ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಕೂತರೆ ಸಾಕು.

ಹಗ್ಗದಷ್ಟೇ ಮುಖ್ಯವಾದ ಇನ್ನೊಂದಿದೆ: 'ಇದು ನಮಗೆ ಹೇಗೆ ಗೊತ್ತಾಯ್ತು?' ಎಂಬ ಪ್ರಶ್ನೆ. ಅದಕ್ಕೆ ನನ್ನ ಮೆಚ್ಚಿನ ಕಥೆ ಆಲ್ಪ್ಸ್ ಪರ್ವತದ ಓಟ್ಸಿಯದು. 1991ರಲ್ಲಿ ಚಾರಣಿಗರಿಬ್ಬರಿಗೆ ಮಂಜುಗಡ್ಡೆಯಲ್ಲಿ ಹೂತಿದ್ದ ಒಂದು ಶವ ಕಂಡಿತು. ಈಚೆಗೆ ಸತ್ತ ಪರ್ವತಾರೋಹಿ ಇರಬೇಕು ಅಂದುಕೊಂಡರು. ನೋಡಿದರೆ ಸುಮಾರು 5,300 ವರ್ಷ ಹಳೆಯ ಮನುಷ್ಯ! ತಲೆಗೆ ಕರಡಿ ಚರ್ಮದ ಟೋಪಿ, ಜೊತೆಗೆ ತಾಮ್ರದ ಕೊಡಲಿ. ಬೆಚ್ಚಗಿರಲಿ ಎಂದು ಶೂ ಒಳಗೆ ಒಣಹುಲ್ಲು ತುಂಬಿಕೊಂಡಿದ್ದ.

ಕಥೆಯನ್ನು ನಾನು ಒಂದೇ ಉಸಿರಿಗೆ ಹೇಳಿ ಮುಗಿಸುವುದಿಲ್ಲ. ಶೂ ಚಿತ್ರ ಮುಂದಿಟ್ಟು ಸುಮ್ನೆ ಕೂರುತ್ತೇನೆ. "ಹುಲ್ಲು ಯಾಕೆ?" "ಅಲ್ಲಿ ಚಳಿ ಇತ್ತಾ?" "ಅವನು ಏನು ತಿಂದಿದ್ದ?" ಒಂದೊಂದೇ ಪ್ರಶ್ನೆ ತಾವಾಗೇ ಬರುತ್ತವೆ. ತಿಂದದ್ದೂ ಗೊತ್ತಿದೆ, ಕಾಡುಮೇಕೆ ಮತ್ತು ಜಿಂಕೆಯ ಮಾಂಸ, ಜೊತೆಗೆ ಒಂದು ಬಗೆಯ ಹಳೆಯ ಗೋಧಿ. ಹೇಗೆ ಗೊತ್ತು? ಹೊಟ್ಟೆಯಲ್ಲೇ ಉಳಿದಿತ್ತು. ಇದನ್ನು ಕೇಳಿ "ಥೂ" ಅನ್ನದ ಮಗುವನ್ನು ನಾನಿನ್ನೂ ನೋಡಿಲ್ಲ. ಮರುಗಳಿಗೆಯೇ "ಇನ್ನೊಂದ್ಸಲ ಹೇಳಿ" ಅನ್ನುತ್ತವೆ.

2001ರಲ್ಲಿ ಎಕ್ಸ್‌ರೇ ತೆಗೆದಾಗ ಎಡ ಹೆಗಲಿನಲ್ಲಿ ಬಾಣದ ತುದಿ ಕಂಡಿತು. ಇದನ್ನೂ ಹೇಳಬೇಕಾ ಎಂದು ಹೆತ್ತವರು ಹಿಂಜರಿಯುತ್ತಾರೆ. ನಾಲ್ಕು ವರ್ಷದವರಿಗೆ ಶೂ, ಹುಲ್ಲು ಸಾಕು. ಆರು ದಾಟಿದವರು ಕೇಳಿದರೆ ನಾನು ಮುಚ್ಚಿಡುವುದಿಲ್ಲ.

ನಮ್ಮ ಹುಡುಗ ಕೇಳಿದ. "ಯಾರು ಹೊಡೆದಿದ್ದು?"

"ಯಾರಿಗೂ ಗೊತ್ತಿಲ್ಲ ಪುಟ್ಟಾ."

ದೊಡ್ಡವರಿಗೂ ಗೊತ್ತಿಲ್ಲದ ವಿಷಯ ಇದೆ ಅನ್ನುವುದು ಅವನಿಗೆ ಹೊಸದು. ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಓಟ್ಸಿಯ ಚಿತ್ರ ಸಿಕ್ಕಿಸಿದ್ದ ಕಡೆ ಹೋಗಿ, ಅದರ ಪಕ್ಕದಲ್ಲೇ ಇನ್ನೊಂದು ಖಾಲಿ ಹಾಳೆ ಸಿಕ್ಕಿಸಿ ಬಂದ.