ಸಂಡಾಸದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ಸುಮ್ಮನಾಗಬೇಡಿ

ಬಾಗಲಕೋಟೆ ಕಡೆ ಸಂಡಾಸದಲ್ಲಿ ರಕ್ತ ಕಂಡಿತೆಂದರೆ ಮೊದಲು ಬರುವ ಮಾತು ಒಂದೇ: 'ಉಷ್ಣ ಆಗೇತಿ, ಖಾರ ಕಡಿಮಿ ಮಾಡು.' ಎರಡನೆಯ ಮಾತು ಮೂಲವ್ಯಾಧಿ. ಹರೆಯದವರಲ್ಲಿ ಹೆಚ್ಚಿನ ಸಲ ಅದು ಮೂಲವ್ಯಾಧಿಯೋ ಗುದದ ಸೀಳೋ ಆಗಿರುತ್ತದೆ, ನಿಜ. ಆದರೆ ಪರೀಕ್ಷೆ ಮಾಡದೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಮುದುಕರಿಗೆ ಮಾತ್ರ ಬರುವ ಕಾಯಿಲೆಯಲ್ಲ. ಮೂವತ್ತು, ಮೂವತ್ತೈದರ ಹುಡುಗರಲ್ಲೂ ನಾವು ಅದನ್ನು ನೋಡುತ್ತಿದ್ದೇವೆ.

ಜಮಖಂಡಿ ಕಡೆಯವರೊಬ್ಬರು, 38 ವರ್ಷ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಹೋಗಬೇಕು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸಬೇಕು. ಪ್ಯಾಂಟು ಸಡಿಲಾಗಿತ್ತು. 'ಕಾರ್ಖಾನೆ ಬಂದ್ ಆದ ಮ್ಯಾಲೆ ತೋರಿಸಿದ್ರಾತು ಅಂತ ಬಿಟ್ಟಿದ್ನ್ರಿ' ಅಂದರು. ಅಷ್ಟರಲ್ಲಿ ಒಂದೆರಡು ಕಡೆ ಮುಲಾಮು, ಮಾತ್ರೆ, ಪುಡಿ ಎಲ್ಲ ಆಗಿತ್ತು. ಗ್ಲೌಸ್ ಹಾಕಿಕೊಂಡು ಗುದದೊಳಗೆ ಬೆರಳಿನಿಂದ ಯಾರೂ ಪರೀಕ್ಷಿಸಿರಲಿಲ್ಲ. ನಾನು ನೋಡಿದೆ. ಬೆರಳ ತುದಿಗೆ ಗಟ್ಟಿ ಗಂಟು ಸಿಕ್ಕಿತು. ಅದಕ್ಕೆ ಬೇಕಾದದ್ದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು.

ಸಣ್ಣ ವಯಸ್ಸಿನವರಲ್ಲಿ ಈ ಗಡ್ಡೆ ಬಹಳ ಸಲ ಕರುಳಿನ ಕೊನೆಯ ಭಾಗದಲ್ಲೇ, ಗುದನಾಳದಲ್ಲೇ ಇರುತ್ತದೆ. ಹಾಗಾಗಿ ಬೆರಳಿನ ಪರೀಕ್ಷೆಗೆ ನಾಚಿಕೆ ಬೇಡ. ಡಾಕ್ಟರು ಮರೆತರೆ ನೀವೇ ಕೇಳಿ: 'ಒಳಗ ನೋಡೂದಿಲ್ಲೇನ್ರಿ?' ಹೆಣ್ಣುಮಕ್ಕಳು ಲೇಡಿ ಡಾಕ್ಟರ್ ಬೇಕು ಅಂದರೂ ತಪ್ಪಿಲ್ಲ, ಆದರೆ ಪರೀಕ್ಷೆ ತಪ್ಪಿಸಬೇಡಿ.

ಗಡ್ಡೆ ಬಲಗಡೆ ಕರುಳಿನಲ್ಲಿದ್ದರೆ ರಕ್ತ ಕಣ್ಣಿಗೇ ಕಾಣದಿರಬಹುದು. ಒಳಗೊಳಗೇ ಸೋರಿ ಹಿಮೋಗ್ಲೋಬಿನ್ ಇಳಿಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಹೆಣ್ಣುಮಕ್ಕಳಾದರೆ ಮುಟ್ಟಿನದೇ ಕಾರಣ ಅಂದುಕೊಂಡು ಐರನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಬಹಳ ಸಲ ಅದೇ ಕಾರಣ ಹೌದು. ಆದರೆ ಮಾತ್ರೆ ಸರಿಯಾಗಿ ತಗೊಂಡರೂ ರಕ್ತ ಏರುತ್ತಿಲ್ಲ, ತೂಕವೂ ಇಳಿಯುತ್ತಿದೆ ಅಂದರೆ ಕರುಳಿನ ಕಡೆ ನೋಡಲೇಬೇಕು. ಗಂಡಸರಲ್ಲಂತೂ ರಕ್ತ ಕಡಿಮೆಯಾದರೆ ಕಾರಣ ಹುಡುಕದೆ ಬಿಡಬಾರದು.

ಕೊಲೊನೋಸ್ಕೋಪಿ ಅಂದರೆ ಜನ ಹೆದರುತ್ತಾರೆ. ನಿಜವಾದ ತ್ರಾಸು ಹಿಂದಿನ ದಿನದ್ದು. ರೊಟ್ಟಿ, ಕಾಳು, ಸೊಪ್ಪು ಬಿಟ್ಟು ತಿಳಿ ಗಂಜಿ, ಎಳನೀರಿನ ಮೇಲಿರಬೇಕು. ಪುಡಿ ಕಲಸಿದ ನೀರನ್ನು ಲೀಟರುಗಟ್ಟಲೆ ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಬೇಕು. ಮರುದಿನ ಮಂಪರಿನ ಇಂಜೆಕ್ಷನ್ ಕೊಟ್ಟು, ಕ್ಯಾಮೆರಾ ಇರುವ ಕೊಳವೆಯಿಂದ ಸುಮಾರು ಒಂದೂವರೆ ಮೀಟರ್ ಉದ್ದದ ಕರುಳನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತೇವೆ. ಇದರ ದೊಡ್ಡ ಲಾಭ ಬೇರೆಯೇ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅಷ್ಟರೊಳಗೆ ಕಂಡರೆ ಅದೇ ಕೊಳವೆಯಿಂದ ಅಲ್ಲೇ ತೆಗೆದುಬಿಡಬಹುದು.

ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್‌ಗೆ 2016ರಲ್ಲಿ ಈ ಕಾಯಿಲೆ ಗೊತ್ತಾಯಿತು, 2020ರಲ್ಲಿ ತೀರಿಕೊಂಡಾಗ ವಯಸ್ಸು 43. ಮರುವರ್ಷ ಅಮೆರಿಕದ ತಜ್ಞರ ಸಮಿತಿ, ತೊಂದರೆ ಇಲ್ಲದವರೂ ತಪಾಸಣೆ ಶುರುಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತಾರೆ, ಕರುಳಿನದು ಇಲ್ಲ. ಅದಕ್ಕೇ ನಮ್ಮಲ್ಲಿ ಲಕ್ಷಣ ಕಂಡ ಕೂಡಲೇ ಬರುವುದು ಇನ್ನೂ ಮುಖ್ಯ.

ಹರೆಯದವರಿಗೆ ಚಿಕಿತ್ಸೆಯ ಚಿಂತೆಗಳೂ ಬೇರೆ. ಗುದನಾಳದ ಗಡ್ಡೆಗೆ ಬಹಳ ಸಲ ಮೊದಲು ರೇಡಿಯೇಷನ್, ಕೀಮೋ, ಆಮೇಲೆ ಆಪರೇಷನ್. ರೇಡಿಯೇಷನ್‌ನಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ವೀರ್ಯ ಅಥವಾ ಅಂಡಾಣು ಕಾದಿಡಲು ಅವಕಾಶವಿದೆ, ಆದರೆ ಅದು ಚಿಕಿತ್ಸೆ ಶುರುವಾಗುವ ಮೊದಲೇ ಆಗಬೇಕು. ಮದುವೆಯಾಗದವರು ಈ ಪ್ರಶ್ನೆ ಕೇಳಲು ಸಂಕೋಚ ಪಡುತ್ತಾರೆ. ದಯವಿಟ್ಟು ಕೇಳಿ. ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಬೇಕಾಗುತ್ತದೆ. ಎಷ್ಟೋ ಜನರಿಗೆ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಕಾಯಂ ಆದವರೂ ಅಂಗಿಯೊಳಗೆ ಚೀಲ ಇಟ್ಟುಕೊಂಡೇ ಹೊಲಕ್ಕೆ, ಆಫೀಸಿಗೆ ಹೋಗುತ್ತಾರೆ.

ಆ ಟ್ರ್ಯಾಕ್ಟರಿನವರ ಹೆಂಡತಿ ಕೈ ಮುಗಿದು, 'ಸಾಹೇಬ್ರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ' ಅಂದರು. ಊರಿಗೆ ಹೇಳುವುದು ಬೇಡ ತಾಯಿ, ಒಡಹುಟ್ಟಿದವರಿಗೆ ಮಾತ್ರ ಹೇಳಲೇಬೇಕು ಅಂದೆ. ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಅಥವಾ 40ಕ್ಕೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಆಗಬೇಕು. ಅಣ್ಣನಿಗೆ 38ಕ್ಕೆ ಬಂದಿದೆ ಅಂದರೆ ತಮ್ಮನಿಗೆ 28ರಿಂದಲೇ. 33ರ ತಮ್ಮ ಬಂದು ಮಾಡಿಸಿಕೊಂಡರು, ಒಂದು ಪಾಲಿಪ್ ಸಿಕ್ಕಿತು, ತೆಗೆದೆವು. ತಂಗಿಯನ್ನು ಮೀರಜ ಕಡೆ ಕೊಟ್ಟಿದ್ದಾರೆ. ಗಂಡನ ಮನೆಯಲ್ಲಿ ಹೇಗೆ ಹೇಳುವುದು ಅಂತ ಆಕೆ ಇನ್ನೂ ಬಂದಿಲ್ಲ. ಇಲ್ಲಿಗೇ ಬರಬೇಕೆಂದಿಲ್ಲವಮ್ಮ, ಅಲ್ಲೇ ಮಾಡಿಸಿಕೊಂಡು ರಿಪೋರ್ಟಿನ ಫೋಟೊ ಕಳಿಸು ಅಂತ ಫೋನಿನಲ್ಲಿ ಹೇಳಿದ್ದೇನೆ.