ಮುಗಿದ ಚಿತ್ರದ ಬಾಲಕ್ಕೆ ಅರ್ಧ ಗಂಟೆ

ಚಿತ್ರದಲ್ಲಿ ಯಾರೋ ಬಿಟ್ಟುಹೋದರೆ ಜನ ಮೊದಲು ಬೈಯುವುದು ಎಡಿಟರ್‌ನನ್ನು. ಎಷ್ಟೋ ಸಲ ಆ ಬಿಟ್ಟುಹೋದ ಮನುಷ್ಯ ನಮ್ಮ ಎಡಿಟಿಂಗ್ ಮೇಜಿನವರೆಗೆ ಬಂದೇ ಇರುವುದಿಲ್ಲ. ಶೂಟಿಂಗ್‌ಗೂ ಮುಂಚೆ ರಿಸರ್ಚ್ ಹುಡುಗರು ಯಾವ ಊರಿಗೆ ಹೋದರು, ಯಾರ ಮನೆ ಬಾಗಿಲು ತಟ್ಟಿದರು ಅನ್ನುವುದರಲ್ಲೇ ಅರ್ಧ ಸಾಕ್ಷ್ಯಚಿತ್ರ ತೀರ್ಮಾನವಾಗಿರುತ್ತದೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ್ದು. 2007ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಪಿಬಿಎಸ್, ಎರಡನೇ ಮಹಾಯುದ್ಧದ ಬಗ್ಗೆ ನಿರ್ದೇಶಕರಾದ ಕೆನ್ ಬರ್ನ್ಸ್ ಮತ್ತು ಲಿನ್ ನೋವಿಕ್ ಮಾಡಿದ ‘ದಿ ವಾರ್’ ಸಾಕ್ಷ್ಯಚಿತ್ರ ಸರಣಿಯನ್ನು ಪ್ರಸಾರಕ್ಕೆ ತಯಾರಿ ಮಾಡಿಕೊಂಡಿತ್ತು. ಏಳು ಕಂತು. ವಾಟರ್‌ಬರಿ, ಮೊಬೀಲ್, ಸ್ಯಾಕ್ರಮೆಂಟೊ, ಲುವರ್ನ್ ಎಂಬ ಅಮೆರಿಕದ ನಾಲ್ಕು ಊರಿನವರ ಬಾಯಲ್ಲಿ ಯುದ್ಧದ ಕಥೆ. ಕಪ್ಪು ಸೈನಿಕರಿದ್ದರು, ಜಪಾನಿ ಮೂಲದ ಅಮೆರಿಕನ್ನರಿದ್ದರು. ಆದರೆ ಮೆಕ್ಸಿಕೊ, ಪೋರ್ಟೊರಿಕೊ ಕಡೆಯ ಮೂಲದವರು, ಅಂದರೆ ಲ್ಯಾಟಿನೊಗಳು, ಒಬ್ಬರೂ ಇರಲಿಲ್ಲ. ಆ ಯುದ್ಧಕ್ಕೆ ಹೋದ ಲ್ಯಾಟಿನೊಗಳು 5 ಲಕ್ಷದವರೆಗೆ ಇದ್ದರೆಂಬ ಅಂದಾಜಿದೆ. ಬೇಕಂತಲೇ ಬಿಟ್ಟರು ಅಂತ ನನಗನಿಸುವುದಿಲ್ಲ. ಹುಡುಕಿಕೊಂಡು ಹೋಗಲಿಲ್ಲ, ಅಷ್ಟೇ. ಆ ‘ಅಷ್ಟೇ’ಯಲ್ಲೇ ಇರುವುದು ತಕರಾರು.

ಯಾಕೆಂದರೆ ಹುಡುಕುವ ಕೆಲಸವನ್ನು ಬೇರೆಯವರು ಆಗಲೇ ಮಾಡಿಟ್ಟಿದ್ದರು. ಟೆಕ್ಸಸ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಪ್ರಾಧ್ಯಾಪಕಿ ಮ್ಯಾಗಿ ರಿವಾಸ್-ರಾಡ್ರಿಗಸ್ 1999ರಿಂದಲೇ ಲ್ಯಾಟಿನೊ ಯೋಧರ ನೆನಪುಗಳನ್ನು ರೆಕಾರ್ಡ್ ಮಾಡಿಸುತ್ತಿದ್ದರು. ಆ ವಿಶ್ವವಿದ್ಯಾಲಯ ಇರುವ ಆಸ್ಟಿನ್‌ನಲ್ಲಿ ನೂರಾರು ಸಂದರ್ಶನಗಳು ಕಾಯುತ್ತಿದ್ದವು. ಅವರೇ ಮುಂದೆ ನಿಂತು ‘ಡಿಫೆಂಡ್ ದಿ ಆನರ್’ ಚಳವಳಿ ಶುರು ಮಾಡಿದರು.

ಬರ್ನ್ಸ್ ಮೊದಲು ಒಪ್ಪಲಿಲ್ಲ. ಚಿತ್ರ ಮುಗಿದಿದೆ, ಇದು ಕಲಾವಿದನ ಸ್ವಾತಂತ್ರ್ಯ ಎಂಬ ವಾದ. ಎಡಿಟರ್ ಆಗಿ ನನಗೆ ಆ ಸಂಕಟ ಗೊತ್ತು. ಲಾಕ್ ಆದ ಟೈಮ್‌ಲೈನ್‌ನಲ್ಲಿ, ಅಂದರೆ ಇನ್ನು ಕೈಹಾಕುವುದಿಲ್ಲ ಅಂತ ಜೋಡಿಸಿ ಮುಗಿಸಿದ ಚಿತ್ರದಲ್ಲಿ, ಒಂದು ನಿಮಿಷ ತೂರಿಸಿ ನೋಡಿ. ಸಂಗೀತ ಜಾರುತ್ತದೆ, ನಿರೂಪಣೆಯ ಉಸಿರು ತಪ್ಪುತ್ತದೆ, ಮೂರು ದೃಶ್ಯ ಆಚೆ ಎಲ್ಲೋ ಒಂದು ಮೌನ ಸುಮ್ನೆ ಕೆಡುತ್ತದೆ. ಆದರೂ ಖಾಸಗಿ ದುಡ್ಡಿನ ಚಿತ್ರಕ್ಕೆ ಒಪ್ಪುವ ಮಾತು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಪಿಬಿಎಸ್‌ಗೆ ತೆರಿಗೆ ಹಣವೂ ಬರುತ್ತಿತ್ತು. ಸಾರ್ವಜನಿಕ ಪ್ರಸಾರದ ಕಾನೂನಿನಲ್ಲೇ, ಬೇರೆ ಕಡೆ ಲೆಕ್ಕಕ್ಕೆ ಸಿಗದ ವೀಕ್ಷಕರನ್ನು, ಅದರಲ್ಲೂ ಮಕ್ಕಳು ಮತ್ತು ಅಲ್ಪಸಂಖ್ಯಾತರನ್ನು ನೋಡಿಕೊಳ್ಳಬೇಕು ಅಂತಿದೆ. ಹಾಗಾಗಿ ಚಳವಳಿಗಾರರು ಪಿಬಿಎಸ್ ಅಧ್ಯಕ್ಷೆ ಪೌಲಾ ಕರ್ಗರ್ ಅವರನ್ನು ಕಂಡರು, ಸಂಸತ್ತಿನ ಹಿಸ್ಪಾನಿಕ್ (ಲ್ಯಾಟಿನೊ ಮೂಲದ) ಸದಸ್ಯರ ಗುಂಪನ್ನು ಸೇರಿಸಿಕೊಂಡರು, ಪ್ರಾಯೋಜಕ ಕಂಪನಿಗಳ ಮೇಲೂ ಒತ್ತಡ ತಂದರು. ಖಾಸಗಿ ಚಾನೆಲ್ ಆಗಿದ್ದರೆ ಬಹಿಷ್ಕಾರ ಬಿಟ್ಟು ಕೈಯಲ್ಲಿ ಜಾಸ್ತಿ ಏನೂ ಇರುತ್ತಿರಲಿಲ್ಲ.

ಕೊನೆಗೆ ಬರ್ನ್ಸ್ ಬಗ್ಗಿದರು, ಅರ್ಧ. ಹೆಕ್ಟರ್ ಗಲಾನ್ ಎಂಬ ಲ್ಯಾಟಿನೊ ನಿರ್ದೇಶಕರ ನೆರವು ಪಡೆದು ಬಿಲ್ ಲ್ಯಾನ್ಸ್‌ಫರ್ಡ್, ಪೀಟ್ ಆರಿಯಸ್ ಎಂಬ ಇಬ್ಬರು ಲ್ಯಾಟಿನೊ ಮೆರೀನ್ ಯೋಧರನ್ನೂ, ಮೂಲನಿವಾಸಿ ಕ್ರೋ ಸಮುದಾಯದ ಜೋಸೆಫ್ ಮೆಡಿಸಿನ್ ಕ್ರೋ ಅವರನ್ನೂ ಸೇರಿಸಿದರು. ಎಲ್ಲ ಸೇರಿ ಅರ್ಧ ಗಂಟೆಗಿಂತ ಸ್ವಲ್ಪ ಕಡಿಮೆ. ಇಟ್ಟ ಜಾಗ ಮಾತ್ರ ಕಂತುಗಳ ಕೊನೆ. ಮೂಲ ಚಿತ್ರ ಹಾಗೇ ಉಳಿಯಿತು. ಮದುವೆ ಊಟದಲ್ಲಿ ಕೊನೆ ಪಂಕ್ತಿ ಇದ್ದ ಹಾಗೆ, ಅಲ್ವಾ? ಊಟ ಸಿಕ್ಕಿತು, ನಿಜ.

ಈ ಕಥೆಯ ಇನ್ನೊಂದು ಎಳೆ ನನ್ನನ್ನು ಬಿಟ್ಟುಹೋಗುವುದಿಲ್ಲ. ಫೆಲಿಕ್ಸ್ ಲೊಂಗೋರಿಯಾ ಎಂಬ ಮೆಕ್ಸಿಕನ್ ಮೂಲದ ಸೈನಿಕ 1945ರಲ್ಲಿ ಫಿಲಿಪೈನ್ಸ್‌ನಲ್ಲಿ ಸತ್ತ. 1949ರಲ್ಲಿ ಶವ ತವರಿಗೆ ಬರುವ ಹೊತ್ತಿಗೆ, ಟೆಕ್ಸಸ್‌ನ ತ್ರೀ ರಿವರ್ಸ್ ಊರಿನ ಅಂತ್ಯಕ್ರಿಯೆ ಮನೆಯವನು ತನ್ನ ಪ್ರಾರ್ಥನಾ ಕೋಣೆ ಕೊಡುವುದಿಲ್ಲ ಅಂದ. ಬಿಳಿಯರು ಬೇಜಾರು ಮಾಡಿಕೊಳ್ಳುತ್ತಾರಂತೆ. ಮೆಕ್ಸಿಕನ್ ಮೂಲದವರ ಹಕ್ಕಿಗಾಗಿ ಹೋರಾಡುತ್ತಿದ್ದ ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಗಲಾಟೆ ಎಬ್ಬಿಸಿದರು. ಆಗ ಹೊಸದಾಗಿ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್, ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದ ವ್ಯವಸ್ಥೆ ಮಾಡಿಸಿದರು. 1967ರಲ್ಲಿ ಸಾರ್ವಜನಿಕ ಪ್ರಸಾರ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷರೂ ಇದೇ ಜಾನ್ಸನ್. ಆ ಕಾನೂನಿನ ನೆರಳಲ್ಲಿ ಬೆಳೆದ ಟಿವಿಗೆ ನಲವತ್ತು ವರ್ಷದ ನಂತರ ಲೊಂಗೋರಿಯಾ ತಲೆಮಾರಿನವರು ಕಾಣಿಸಲಿಲ್ಲ.

ಚಳವಳಿಗಾರರು ಹಿಡಿದು ಎಳೆದ ಆ ತೆರಿಗೆ ಹಣದ ಹಗ್ಗವೂ ಈಗ ಇಲ್ಲ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ 110 ಕೋಟಿ ಡಾಲರ್ ವಾಪಸ್ ಪಡೆಯಿತು. 1998ರಲ್ಲಿ ಹುಟ್ಟಿದ ಲ್ಯಾಟಿನೊ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ಸಂಸ್ಥೆ ಸಣ್ಣ ಚಿತ್ರಗಳಿಗೆ ಹಣ ಕೊಡುತ್ತಿದ್ದದ್ದೂ ಬಹುಪಾಲು ಅದೇ ಕೊಳದ ನೀರಿನಿಂದ. ಅಲ್ಲಿನ ರಿಸರ್ಚ್ ಹುಡುಗರ ಬಸ್ ಚಾರ್ಜ್ ಇನ್ನು ಯಾರು ಕೊಡುತ್ತಾರೋ.